ಸೆಕೆ ಬೇರೆ, ಬಿಸಿಲು ಬೇರೆ

ಬೇಸಿಗೆ ಬಂತು ಅಂದರೆ ಈ ತಲೆಬರಹವೂ ಬಂದೇ ಬರುತ್ತದೆ: ‘ಸೆಕೆಗೆ ಕಂಗೆಟ್ಟ ಕಲಬುರಗಿ’. ಈ ಸಲ ಅದರ ಕೆಳಗೇ ಒಂದು ಜಾಹೀರಾತು: ‘ಕರಾವಳಿಯ ಸೆಕೆಗೆ ತಂಪು ತಂಪು ಕೂಲರ್’. ಒಂದೇ ಪುಟದಲ್ಲಿ ಎರಡು ತಪ್ಪು. ಕಲಬುರಗಿಯದು ಬಿಸಿಲು, ಕರಾವಳಿಯದು ಸೆಕೆ. ಮೊದಲನೆಯದಕ್ಕೆ ಕೂಲರ್ ಮದ್ದು. ಎರಡನೆಯದಕ್ಕೆ ಅದೇ ಕೂಲರ್ ರೋಗ.

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪದದ ಬೇರು ಹುಡುಕುತ್ತಾ ಹೋದರೆ ನಾನೇ ಸೋಲುತ್ತೇನೆ. ತೆಲುಗಿನ ‘ಸೆಗ’ ನಮ್ಮ ಸೆಕೆಗೆ ನೆಂಟ. ಅಲ್ಲಿ ಬೆಂಕಿಯ ಕಾವೂ ಸೆಗವೇ. ಅಂದರೆ ಬೇರಿನಲ್ಲಿ ಇರುವುದು ಬರೀ ಕಾವು, ಬೆವರಿನ ಸುದ್ದಿಯೇ ಇಲ್ಲ. (‘ಸೆಖೆ’ ಅಂತ ಉಸಿರು ಜಾಸ್ತಿ ಹಾಕಿ ಬರೆಯುವವರೂ ಇದ್ದಾರೆ. ಸೆಕೆಯಲ್ಲಿ ಅಷ್ಟು ಉಸಿರು ಎಲ್ಲಿಂದ ತರುತ್ತಾರೋ.)

ಆದರೆ ಕನ್ನಡದ ಬಳಕೆಯಲ್ಲಿ ಅದು ಬೇರೆಯೇ ಸಂಸಾರ ಹೂಡಿದೆ. ‘ನನಗೆ ಚಳಿ ಆಗ್ತಿದೆ’ ಅನ್ನುವ ಹಾಗೇ ‘ನನಗೆ ಸೆಕೆ ಆಗ್ತಿದೆ’ ಅನ್ನುತ್ತೇವೆ. ‘ನನಗೆ ಬಿಸಿಲು ಆಗ್ತಿದೆ’ ಅಂತ ಯಾರಾದರೂ ಅಂದದ್ದುಂಟಾ? ಬಿಸಿಲು ಹೊರಗಿನದು. ಅದು ಅಂಗಳಕ್ಕೆ ಬೀಳುತ್ತದೆ, ಹೊತ್ತೇರಿದ ಹಾಗೆ ಏರುತ್ತದೆ, ಸಂಜೆಗೆ ಇಳಿಯುತ್ತದೆ. ಸೆಕೆ ಮೈಯದು. ಬಿಸಿಲಿಗೆ ಹಪ್ಪಳ ಒಣಗಿಸುತ್ತೇವೆ. ಸೆಕೆಗೆ ಹಪ್ಪಳ ಒಣಗಿಸಿದವರು ಇದ್ದರೆ ತೋರಿಸಿ. ಬಿಸಿಲಾದರೆ ನೆರಳಿಗೆ ಓಡಬಹುದು. ಸೆಕೆ ನೆರಳಲ್ಲೂ ಬಿಡುವುದಿಲ್ಲ, ನಡುರಾತ್ರಿಯಲ್ಲೂ ಬಿಡುವುದಿಲ್ಲ. ಉತ್ತರ ಕರ್ನಾಟಕದವರು ಮಳೆ ಬರುವ ಮುಂಚೆ ಮೋಡ ಮುಚ್ಚಿಕೊಂಡಾಗ ‘ಭಾಳ ಕುದಿ ಆಗಾಕತ್ತೈತಿ’ ಅನ್ನುತ್ತಾರಲ್ಲ, ಅದು ಸೆಕೆ. ಮೇ ತಿಂಗಳ ಮಧ್ಯಾಹ್ನ ರಪ್ಪನೆ ಮುಖಕ್ಕೆ ಹೊಡೆಯುವುದಕ್ಕೆ ಅವರೇ ಝಳ ಅನ್ನುತ್ತಾರೆ. ಎರಡಕ್ಕೂ ಅವರಲ್ಲಿ ಬೇರೆ ಬೇರೆ ಮಾತಿದೆ. ಇಲ್ಲದಿರುವುದು ತಲೆಬರಹ ಬರೆಯುವವರಿಗೆ.

ಸುಮ್ನೆ ಪದದ ಜಗಳ ಅಲ್ಲ ಇದು. ಬೆವರು ಆರಿದರೆ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ಆಗಲೇ ಪಸೆ ತುಂಬಿದ್ದರೆ ಬೆವರು ಆರದೆ ಸುರಿಯುತ್ತಲೇ ಇರುತ್ತದೆ. ಹವಾಮಾನ ಇಲಾಖೆಗೂ ಈ ವ್ಯತ್ಯಾಸ ಗೊತ್ತು. ಶಾಖದ ಅಲೆ ಅಂತ ಸಾರುವ ಯೋಚನೆ ಬಯಲು ಸೀಮೆಯಲ್ಲಿ 40 ಡಿಗ್ರಿಗೆ ಶುರುವಾದರೆ, ಕರಾವಳಿಯಲ್ಲಿ 37ಕ್ಕೇ ಶುರು.

ಕೂಲರ್ ಮಾಡುವುದೂ ಬೆವರಿನ ಕೆಲಸವನ್ನೇ. ಒದ್ದೆ ಹುಲ್ಲಿನ ಮೂಲಕ ಗಾಳಿ ಎಳೆಯುತ್ತದೆ, ನೀರು ಆವಿಯಾಗುತ್ತಾ ಗಾಳಿಯ ಕಾವು ಹೀರುತ್ತದೆ. ಗಾಳಿ 40 ಡಿಗ್ರಿ ಇದ್ದು ತೇವಾಂಶ ನೂರಕ್ಕೆ 20 ಇದ್ದರೆ, ಈ ದಾರಿಯಲ್ಲಿ ಸುಮಾರು 23 ಡಿಗ್ರಿಯವರೆಗೂ ಇಳಿಸಲು ಜಾಗವಿದೆ. ಅಷ್ಟೂ ಸಿಗುವುದಿಲ್ಲ, ಮುಕ್ಕಾಲು ಪಾಲು ಸಿಕ್ಕರೂ ಸ್ವರ್ಗ. ಅದೇ 33 ಡಿಗ್ರಿ, ತೇವಾಂಶ 75 ಅನ್ನಿ. ಎಷ್ಟೇ ಒದ್ದಾಡಿದರೂ 29ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಜೊತೆಗೆ ಕೋಣೆಯೆಲ್ಲ ತೇವ. ಮಡಕೆಯ ನೀರು ಬಯಲು ಸೀಮೆಯಲ್ಲಿ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುವುದೂ, ಕರಾವಳಿಯಲ್ಲಿ ಮುನಿಸಿಕೊಳ್ಳುವುದೂ ಇದೇ ಕಾರಣಕ್ಕೆ.

ನಮ್ಮ ಭಾವ ಕಲಬುರಗಿಯಿಂದ ಉಡುಪಿಗೆ ವರ್ಗವಾಗಿ ಬಂದಾಗ ಲಾರಿಯಲ್ಲಿ ಕೂಲರನ್ನೂ ಹೇರಿಕೊಂಡು ಬಂದರು. ಹತ್ತು ವರ್ಷ ಕಾಪಾಡಿದ ಕೂಲರ್, ಬಿಟ್ಟು ಬರಲು ಮನಸ್ಸು ಬರಲಿಲ್ಲ. ಮೂರನೇ ದಿನಕ್ಕೆ ಮೇಜಿನ ಮೇಲಿನ ಪೇಪರು ಬಟ್ಟೆಯ ಹಾಗೆ ಮೆತ್ತಗಾಗಿತ್ತು. ಉಪ್ಪಿನ ಡಬ್ಬಿಯಲ್ಲಿ ನೀರು. ‘ಭಾವ, ದಯವಿಟ್ಟು ಅದನ್ನ ಆರಿಸಿ, ಮನೆಯೊಳಗೇ ಮಳೆಗಾಲ ಶುರುವಾಗಿದೆ’ ಅಂದೆ. ಅವರು ಒಪ್ಪಲಿಲ್ಲ, ಕಿಟಕಿ ಬಾಗಿಲು ಎಲ್ಲ ಮುಚ್ಚಿ ಇನ್ನೂ ಜೋರಾಗಿ ಇಟ್ಟರು. ಕಲಬುರಗಿಯ ಅಭ್ಯಾಸ.

ಬಾಗಿಲು ಮುಚ್ಚುವ ಅಭ್ಯಾಸ ಅಲ್ಲಿಗೆ ಸರಿಯೇ. ಅಲ್ಲಿಯ ಹಳೇ ಮನೆಗಳಿಗೆ ದಪ್ಪ ಕಲ್ಲುಗೋಡೆ, ಪುಟ್ಟ ಕಿಟಕಿ. ಹಗಲು ಬಾಗಿಲು ಹಾಕಿ ಝಳ ತಡೆಯುತ್ತಾರೆ, ರಾತ್ರಿ ಮಾಳಿಗೆ ಮೇಲೆ ಮಲಗುತ್ತಾರೆ. ಒಣ ಗಾಳಿ ರಾತ್ರಿ ಬೇಗ ತಣಿಯುತ್ತದೆ. ಕರಾವಳಿಯಲ್ಲಿ ಹಗಲಿಗೂ ರಾತ್ರಿಗೂ ಅಂಥ ಅಂತರವಿಲ್ಲ, ರಾತ್ರಿಗಾಗಿ ಕಾಯುವುದರಲ್ಲಿ ಲಾಭವಿಲ್ಲ. ಗಾಳಿ ಆಡಬೇಕು, ಅಷ್ಟೇ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತಲ್ಲ, ಆ ಹೆಂಚಿನ ಸಂದುಗಳಲ್ಲೂ ಮನೆಯ ಬಿಸಿ ಗಾಳಿ ಮೇಲಿಂದ ಹೊರಗೆ ಹೋಗುತ್ತದೆ. ಈಗ ಎರಡೂ ಊರಲ್ಲಿ ಒಂದೇ ಥರದ ಕಾಂಕ್ರೀಟ್ ತಾರಸಿ. ಆಮೇಲೆ ಸೆಕೆ ಅಂತ ಗೋಳು.

ಎ.ಸಿ. ಮಾತ್ರ ಸೆಕೆಗೂ ಸೈ, ಬಿಸಿಲಿಗೂ ಸೈ. ಅದು ಗಾಳಿಯನ್ನು ತಣಿಸುವುದರ ಜೊತೆ ಪಸೆಯನ್ನೂ ಹಿಂಡಿ ಹೊರಗೆ ಹಾಕುತ್ತದೆ. ಮೇ ತಿಂಗಳಲ್ಲಿ ಉಡುಪಿಯಲ್ಲಿ ಅದರ ಪೈಪಿನ ಕೆಳಗೆ ಒಂದು ಬಕೆಟ್ ಇಟ್ಟು ನೋಡಿ. ಬೆಳಗ್ಗೆ ಅದರಲ್ಲಿ ನಿಂತಿರುತ್ತದಲ್ಲ ನೀರು, ರಾತ್ರಿ ಕೋಣೆಯಲ್ಲಿದ್ದ ಸೆಕೆ ಅದು. ಭಾವನ ಮನೆಯಲ್ಲಿ ಈಗ ಆ ನೀರು ಮಲ್ಲಿಗೆ ಗಿಡಕ್ಕೆ ಹೋಗುತ್ತದೆ. ಕೂಲರ್ ಹಿಂದಿನ ಜಗಲಿಯಲ್ಲಿದೆ, ಒಳಗೆ ತೆಂಗಿನ ಸಿಪ್ಪೆ ತುಂಬಿಟ್ಟಿದ್ದಾರೆ.