ಎಂ.ಡಿ. ಮೆಡಿಸಿನ್ ಅಂದರೆ ಯಾವ ಡಾಕ್ಟರ್?

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ "ದೊಡ್ಡ ಡಾಕ್ಟರಿಗೆ ತೋರಿಸ್ರಿ" ಅಂದರೆ ಹೆಚ್ಚಾಗಿ ಎಂ.ಡಿ. ಮೆಡಿಸಿನ್ ಮಾಡಿದವರ ಕಡೆಗೇ ಬೆರಳು. ಫಿಜಿಷಿಯನ್ ಅಂತಲೂ ಕರೆಯುತ್ತಾರೆ. ವಯಸ್ಕರ ಕಾಯಿಲೆಗಳನ್ನು ಕತ್ತರಿ ಹಿಡಿಯದೆ, ಔಷಧಿಯಿಂದ ನೋಡುವವರು ಇವರು. ಶುಗರ್, ಬಿಪಿ, ಡೆಂಗಿ, ನ್ಯುಮೋನಿಯಾ ಎಲ್ಲ ಇವರದೇ. ಹಾವು ಕಚ್ಚಿದವರು, ದ್ರಾಕ್ಷಿ ತೋಟಕ್ಕೆ ಕೀಟನಾಶಕ ಹೊಡೆಯುವಾಗ ವಿಷ ಏರಿದವರು ಕೂಡ ಇವರ ವಾರ್ಡಿಗೇ ಬರುತ್ತಾರೆ.

ಒಂದು ಉದಾಹರಣೆ ನೋಡಿ. ಅಜ್ಜನ ಕಾಲು ಬಾತಿದೆ. ಹಾರ್ಟಿನವರಿಗೆ ತೋರಿಸಬೇಕಾ, ಕಿಡ್ನಿಯವರಿಗಾ? ಫಿಜಿಷಿಯನ್ ಮೊದಲು ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ, ಗುಳಿ ಬೀಳುತ್ತಾ ಅಂತ ನೋಡುತ್ತಾರೆ. ಕುತ್ತಿಗೆಯ ರಕ್ತನಾಳ ಉಬ್ಬಿದ್ದರೆ ಹೃದಯದ ಮೇಲೆ ಅನುಮಾನ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಕಿಡ್ನಿ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಲಿವರ್ ಕೂಡ ನೋಡಬೇಕು. ಕೆಲವೊಮ್ಮೆ ಇದ್ಯಾವುದೂ ಅಲ್ಲ, ಬಿಪಿಗೆ ನುಂಗುವ ಆಮ್ಲೋಡಿಪಿನ್ ಮಾತ್ರೆಯಿಂದಲೇ ಕಾಲು ಬಾತಿರುತ್ತದೆ! ಅದಕ್ಕೇ "ಯಾವ ಗುಳಿಗಿ ತಗೋತೀರಿ, ಚೀಲ ತೋರಿಸ್ರಿ" ಅಂತ ಕೇಳೋದು. ಕಾಯಿಲೆ ಯಾವುದಂತ ಗೊತ್ತಿಲ್ಲದಾಗ ಮೊದಲು ಹೋಗಬೇಕಾದದ್ದು ಇವರ ಹತ್ತಿರವೇ ಅನ್ನೋದು ನನ್ನ ಅಭಿಪ್ರಾಯ.

ಇಷ್ಟು ಕಲಿಯಲು ಎಂ.ಬಿ.ಬಿ.ಎಸ್. 4½ ವರ್ಷ, ಇಂಟರ್ನ್‌ಷಿಪ್ 1 ವರ್ಷ, ನೀಟ್ ಪಿ.ಜಿ. ಅನ್ನೋ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಾಸಾದ ಮೇಲೆ ಎಂ.ಡಿ.ಗೆ ಮತ್ತೆ 3 ವರ್ಷ. ಬೆಳಗಾವಿಯ ಜೆ.ಎನ್., ವಿಜಯಪುರದ ಬಿ.ಎಂ. ಪಾಟೀಲ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜುಗಳಲ್ಲಿ ಈ ಕೋರ್ಸ್ ಇದೆ. ಆ 3 ವರ್ಷ ಓದಿಗಿಂತ ದುಡಿಮೆಯೇ ಜಾಸ್ತಿ. ಸರ್ ರೌಂಡ್ಸಿಗೆ ಬರುವ ಮೊದಲೇ ಪಿ.ಜಿ. ಹುಡುಗರು ಪ್ರತಿ ಬೆಡ್ಡಿನ ಕೇಸ್ ಶೀಟ್ ಬರೆದಿರಬೇಕು. ರಾತ್ರಿ ಐಸಿಯು ಡ್ಯೂಟಿ, ನಡುವೆ ಥೀಸಿಸ್, ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ. ಬೋರ್ಡಿನಲ್ಲಿ ಎಂ.ಡಿ. ಬದಲು ಡಿ.ಎನ್.ಬಿ. (ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಪದವಿ) ಅಂತ ಬರೆದಿದ್ದರೂ ಅದು ಸಮಾನ ಪದವಿಯೇ. ಮುಂದೆ ಇನ್ನೂ 3 ವರ್ಷ ಡಿ.ಎಂ. ಅನ್ನೋ ಸೂಪರ್ ಸ್ಪೆಷಾಲಿಟಿ ಪದವಿ ಮಾಡಿದವರು ಹೃದಯ, ನರ, ಕಿಡ್ನಿ ಹೀಗೆ ಒಂದೇ ವಿಭಾಗಕ್ಕೆ ಹೋಗುತ್ತಾರೆ.

ಬೋರ್ಡ್ ಓದುವಾಗ ಬರೀ "ಎಂ.ಡಿ." ಅಂತ ಕಂಡರೆ ಸಾಲದು. ಪೆಥಾಲಜಿ (ಲ್ಯಾಬ್ ಪರೀಕ್ಷೆಯ ವಿಭಾಗ), ಮಕ್ಕಳ ವಿಭಾಗ, ಚರ್ಮ, ಆಯುರ್ವೇದ, ಹೋಮಿಯೋಪತಿ ಎಲ್ಲದರಲ್ಲೂ ಎಂ.ಡಿ. ಇದೆ ಅಲ್ವಾ? ಪಕ್ಕದಲ್ಲಿ ಯಾವ ವಿಷಯ ಅಂತ ಬರೆದಿದ್ದಾರೆ ನೋಡಿ. ಅನುಮಾನ ಬಂದರೆ ಚೀಟಿಯ ಮೇಲೆ ಕೆ.ಎಂ.ಸಿ. ನಂಬರ್ ಇರುತ್ತದೆ, ಅದು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಅವರ ನೋಂದಣಿ ಸಂಖ್ಯೆ.