ಟರ್ಕಿ ಕೀಮಾನಾ, ಬೀಫ್ ಕೀಮಾನಾ? ಮೊದ್ಲು ಪ್ಯಾಕೆಟ್ ಮೇಲಿರೋ ನಂಬರ್ ನೋಡಿ

ಪ್ರಶ್ನೆ: ಮನೆ ಅಡುಗೆಗೆ ಬೀಫ್ ಕೀಮಾ ಬದ್ಲು ಟರ್ಕಿ ಕೀಮಾ ತಗೊಂಡ್ರೆ ನಿಜವಾಗ್ಲೂ ಆರೋಗ್ಯಕ್ಕೆ ಒಳ್ಳೇದಾ? ಒಂದರ ಜಾಗಕ್ಕೆ ಇನ್ನೊಂದನ್ನ ಅಷ್ಟೇ ಅಳತೇಲಿ ಹಾಕ್ಬಹುದಾ, ರುಚಿ ಕೆಡಲ್ವಾ?

ಉತ್ತರ: ಈ ಪ್ರಶ್ನೆ ಕೇಳೋರು ಬಹಳಷ್ಟು ಜನ ಮನಸ್ಸಲ್ಲಿ ಆಗ್ಲೇ ಒಂದು ತೀರ್ಮಾನ ಮಾಡ್ಕೊಂಡಿರ್ತಾರೆ, ಟರ್ಕಿ ಅಂದ್ರೆ ಹಕ್ಕಿ ಮಾಂಸ, ಬಿಳೀದು, ಹಗುರ, ಬೀಫ್ ಅಂದ್ರೆ ಕೆಂಪು, ಜಿಡ್ಡು, ಹೊಟ್ಟೆಗೆ ಭಾರ ಅಂತ. ನಾನೂ ವರ್ಷಗಟ್ಲೆ ಹಾಗೇ ಅಂದ್ಕೊಂಡಿದ್ದೆ. ಕೀಮಾ ವಿಷಯದಲ್ಲಿ ಇದು ಅರ್ಧ ಮಾತ್ರ ನಿಜ. ಯಾವ ಪ್ರಾಣಿ ಅನ್ನೋದಕ್ಕಿಂತ ಆ ಪ್ಯಾಕೆಟ್‌ನಲ್ಲಿ ಕೊಬ್ಬು ಎಷ್ಟಿದೆ, ಅದ್ರಲ್ಲಿ ನೀವು ಏನು ಮಾಡೋಕೆ ಹೊರಟಿದ್ದೀರಿ, ಈ ಎರಡು ಗೊತ್ತಾದ್ರೆ ಮುಕ್ಕಾಲು ಪಾಲು ಉತ್ತರ ಸಿಕ್ಕಂಗೇ.

ಪ್ಯಾಕೆಟ್ ಮೇಲೆ 80/20, 85/15, 93/7 ಅಂತ ಬರೆದಿರ್ತಾರಲ್ಲ, ಅದು ತೂಕದ ಲೆಕ್ಕ. 80/20 ಅಂದ್ರೆ 100 ಗ್ರಾಂ ಹಸಿ ಕೀಮಾದಲ್ಲಿ 20 ಗ್ರಾಂ ಕೊಬ್ಬು. ಅಂಥ ಬೀಫ್ 100 ಗ್ರಾಂಗೆ ಸುಮಾರು 250 ಕ್ಯಾಲೊರಿ ಬರುತ್ತೆ. 93/7 ಬೀಫ್ ಆದ್ರೆ 150ರ ಆಸುಪಾಸು. ಈಗ ಟರ್ಕಿ ನೋಡಿ, 93/7 ಟರ್ಕಿ ಕೀಮಾನೂ ಹತ್ತಿರ ಹತ್ತಿರ 150 ಕ್ಯಾಲೊರಿನೇ! 85/15 ಟರ್ಕಿ ಆದ್ರೆ ಸುಮಾರು 180. ಅಂದ್ರೆ ಬೀಫ್ ಬೇಡ, ಕೊಬ್ಬು ಜಾಸ್ತಿ ಅಂತ ಪಕ್ಕಕ್ಕಿಟ್ಟು 85/15 ಟರ್ಕಿ ಎತ್ಕೊಂಡು ಬಂದೋರು ಪಕ್ಕದಲ್ಲೇ ಇದ್ದ 93/7 ಬೀಫ್‌ಗಿಂತ ಜಾಸ್ತಿ ಕೊಬ್ಬನ್ನೇ ಮನೆಗೆ ತಂದಿರ್ತಾರೆ, ಅವರಿಗೆ ಅದು ಗೊತ್ತೂ ಆಗಿರಲ್ಲ. ಇನ್ನೊಂದು, 85 ಪರ್ಸೆಂಟ್ ಲೀನ್ (ಅಂದ್ರೆ ಕೊಬ್ಬು ಬಿಟ್ಟು ಉಳಿದ ಮಾಂಸ) ಅಂತ ಓದಿದ ತಕ್ಷಣ ಬರೀ 15 ಪರ್ಸೆಂಟ್ ಕ್ಯಾಲೊರಿ ಮಾತ್ರ ಕೊಬ್ಬಿಂದ ಅಂತ ಅನ್ಸುತ್ತೆ, ಹಾಗಲ್ಲ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, 15 ಗ್ರಾಂಗೆ 135. ಒಟ್ಟು ಕ್ಯಾಲೊರಿಲಿ ಅರ್ಧಕ್ಕಿಂತ ಜಾಸ್ತಿ ಕೊಬ್ಬಿಂದಾನೇ ಆಯ್ತು.

ಹಕ್ಕಿ ಮಾಂಸಕ್ಕೆ ಅಷ್ಟು ಕೊಬ್ಬು ಎಲ್ಲಿಂದ ಬಂತು ಅಂದ್ರೆ, ಬರೀ ಟರ್ಕಿ ಕೀಮಾ ಅಂತ ಇದ್ರೆ ಅದ್ರಲ್ಲಿ ಎದೆ ಮಾಂಸ ಒಂದೇ ಇರಲ್ಲ, ತೊಡೆ, ಕಾಲಿನ ಕಪ್ಪು ಮಾಂಸ, ಜೊತೆಗೆ ಚರ್ಮ, ಅದಕ್ಕಂಟಿದ ಕೊಬ್ಬು ಎಲ್ಲ ಸೇರಿಸಿ ಅರೆದಿರಬಹುದು. ಬ್ರೆಸ್ಟ್ ಅಂತ ಬೇರೆಯಾಗೇ ಬರೆದಿದ್ರೆ ಮಾತ್ರ ಅದು ಎದೆ ಭಾಗದ್ದು. 99 ಪರ್ಸೆಂಟ್ ಲೀನ್ ಅಂತ ಸಿಗೋದು ಇದೇ, 100 ಗ್ರಾಂಗೆ 110-115 ಕ್ಯಾಲೊರಿ ಅಷ್ಟೇ, ಕೊಬ್ಬು ಬರೀ ಒಂದೆರಡು ಗ್ರಾಂ. ಆದ್ರೆ ಇದ್ರಲ್ಲಿ ಅಡುಗೆ ಮಾಡೋದು ಎಷ್ಟು ಕಷ್ಟ ಅನ್ನೋದು ಮುಂದೆ ಹೇಳ್ತೀನಿ.

ಕೊಬ್ಬಿನ ನಂಬರ್ ಒಂದೇ ಇರೋ ಎರಡು ಪ್ಯಾಕೆಟ್ ಇಟ್ಕೊಂಡು ಹೋಲಿಸಿದ್ರೆ ಪ್ರೋಟೀನ್‌ನಲ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಇಲ್ಲ, 93/7 ಆದ್ರೆ ಎರಡರಲ್ಲೂ 100 ಗ್ರಾಂಗೆ 19-21 ಗ್ರಾಂ. ಕೊಲೆಸ್ಟ್ರಾಲ್ ಏರಿಸೋ ಸ್ಯಾಚುರೇಟೆಡ್ ಫ್ಯಾಟ್ ಟರ್ಕಿಲಿ ಸ್ವಲ್ಪ ಕಮ್ಮಿ, 93/7ರಲ್ಲಿ ಬೀಫ್‌ಗೆ ಸುಮಾರು 3 ಗ್ರಾಂ ಅಂದ್ರೆ ಟರ್ಕಿಗೆ 2 ಗ್ರಾಂ ಚಿಲ್ಲರೆ. ಬೀಫ್ ಮುಂದೆ ಇರೋದು ಕಬ್ಬಿಣ, ಜಿಂಕ್, ಬಿ12 ಈ ಮೂರರಲ್ಲಿ. ಕಬ್ಬಿಣದ ಅಂಶ ಟರ್ಕಿಗಿಂತ ಹತ್ತಿರ ಹತ್ತಿರ ಎರಡರಷ್ಟು. ರಕ್ತಹೀನತೆ ಇದೆ ಅಂತ ಡಾಕ್ಟರ್ ಹೇಳಿರೋರು, ಪ್ರತಿ ತಿಂಗಳು ಜಾಸ್ತಿ ಬ್ಲೀಡಿಂಗ್ ಆಗೋ ಹೆಣ್ಮಕ್ಕಳು, ಇವರೆಲ್ಲ ಟರ್ಕಿನೇ ಒಳ್ಳೇದಂತೆ ಅಂತ ಯಾರೋ ಹೇಳಿದ ಮಾತು ಕೇಳಿ ಬೀಫ್ ಪೂರ್ತಿ ಬಿಟ್ಟುಬಿಡೋದು ನಂಗೆ ಸರಿ ಅನ್ಸಲ್ಲ, ಲೀನ್ ಬೀಫ್ ಅವರಿಗೆ ತುಂಬಾ ಉಪಯೋಗಕ್ಕೆ ಬರೋ ಆಹಾರ. ಆದ್ರೆ ದಿನಾ ಬೀಫ್ ತಿನ್ನೋರಿಗೆ ಇನ್ನೊಂದು ಮಾತು ಹೇಳ್ಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲೇ ಕೆಂಪು ಮಾಂಸವನ್ನ ಕ್ಯಾನ್ಸರ್ ತರೋ ಸಾಧ್ಯತೆ ಇರೋದು ಅಂತ ಪಟ್ಟಿ ಮಾಡಿದೆ, ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ವಾರಕ್ಕೆ ಬೇಯಿಸಿದ ತೂಕದಲ್ಲಿ 350ರಿಂದ 500 ಗ್ರಾಂ ದಾಟಬೇಡಿ ಅನ್ನುತ್ತೆ. ಹಾಗಾಗಿ ವಾರದಲ್ಲಿ ನಾಲ್ಕೈದು ಸಲ ಕೀಮಾ ಮಾಡೋ ಮನೇಲಿ ಎರಡು ಮೂರು ಸಲ ಟರ್ಕಿ ಇರ್ಲಿ. ಕೊಲೆಸ್ಟ್ರಾಲ್ ಇದೆ, ಹಾರ್ಟ್ ಪ್ರಾಬ್ಲಮ್ ಇದೆ ಅನ್ನೋರಿಗಂತೂ 93ಕ್ಕಿಂತ ಮೇಲಿನ ಟರ್ಕಿ ಒಳ್ಳೆ ಆಯ್ಕೆ.

ಈಗ ಒಲೆ ಹತ್ರ ಬರೋಣ, ಜನ ಬೇಜಾರಾಗಿ ಟರ್ಕಿ ಬಿಟ್ಟುಬಿಡೋದು ಇಲ್ಲೇ.

ಬೀಫ್ ಕೀಮಾ ಕಾದ ಬಾಣಲೆಗೆ ಬಿದ್ದ ತಕ್ಷಣ ಅದರ ಕೊಬ್ಬು ಕರಗಿ ಅದರಲ್ಲೇ ಅದು ಹುರಿಯುತ್ತೆ, ಎಣ್ಣೆ ಕೂಡ ಬೇಕಾಗಲ್ಲ, ಐದಾರು ನಿಮಿಷಕ್ಕೆ ಮನೆ ತುಂಬ ವಾಸನೆ. ಲೀನ್ ಟರ್ಕಿ ಹಂಗಲ್ಲ. ಹಾಕಿದ ಎರಡು ನಿಮಿಷಕ್ಕೆ ನೀರು ಬಿಡುತ್ತೆ, ಚುಂಯ್ ಅಂತಿದ್ದ ಸದ್ದು ಗೊಳಗೊಳ ಅಂತ ಕುದಿಯೋ ಸದ್ದಾಗಿ ಬದಲಾಗುತ್ತೆ, ಮಾಂಸ ಬೂದಿ ಬಣ್ಣಕ್ಕೆ ತಿರುಗುತ್ತೆ. ಆ ಸದ್ದು ಕೇಳಿಸ್ತು ಅಂದ್ರೆ ಅದು ಹುರೀತಿಲ್ಲ, ಬೇಯ್ತಿದೆ ಅಂತ ಅರ್ಥ. ಅದನ್ನ ಹಾಗೇ ಬೇಯಿಸಿ ಉಪ್ಪು ಖಾರ ಹಾಕಿ ತಿಂದು ಟರ್ಕಿಗೆ ರುಚಿನೇ ಇಲ್ಲ ಅಂತಾರೆ. ತಪ್ಪು ಟರ್ಕಿದಲ್ಲ. ಅಗಲ ಬಾಣಲೆ ಚೆನ್ನಾಗಿ ಕಾಯ್ಲಿ, ಒಂದೆರಡು ಚಮಚ ಎಣ್ಣೆ ಹಾಕಿ, ಕೀಮಾನ ಪೇಪರ್ ಟವಲ್‌ನಲ್ಲಿ ಒತ್ತಿ ತೇವ ತೆಗ್ದು ತೆಳ್ಳಗೆ ಹರಡಿ, ಆಮೇಲೆ ಮೂರು ನಾಲ್ಕು ನಿಮಿಷ ಕೈ ಹಾಕ್ಬೇಡಿ, ಸೌಟಲ್ಲಿ ಕೆದಕ್ತಾನೇ ಇರೋದೇ ದೊಡ್ಡ ತಪ್ಪು. ತಳ ಕಂದು ಬಣ್ಣ ಬಂದ್ಮೇಲೆ ತಿರುಗಿಸಿ, ಆಮೇಲೆ ಪುಡಿ ಮಾಡಿ. ಅರ್ಧ ಕೇಜಿ ಇದ್ರೆ ಎರಡು ಸಲ ಮಾಡಿ, ಒಟ್ಟಿಗೇ ಸುರಿದ್ರೆ ಮತ್ತೆ ಅದೇ ನೀರು. ಅರ್ಧ ಕೇಜಿಗೆ ಕಾಲು ಟೀ ಚಮಚ ಅಡುಗೆ ಸೋಡಾ ಒಂದು ಚಮಚ ನೀರಲ್ಲಿ ಕದಡಿ ಬೆರೆಸಿ ಹದಿನೈದು ನಿಮಿಷ ಬಿಟ್ರೆ ಮಾಂಸ ನೀರನ್ನ ಹಿಡಿದಿಟ್ಕೊಳ್ಳುತ್ತೆ, ಬಣ್ಣನೂ ಬೇಗ ಬರುತ್ತೆ, ಆದ್ರೆ ಇದಕ್ಕಿಂತ ಜಾಸ್ತಿ ಹಾಕಿದ್ರೆ ಸೋಪಿನ ರುಚಿ ಬರುತ್ತೆ, ಅಳತೆ ಮೀರ್ಬೇಡಿ.

ಯಾವ ಅಡುಗೆಗೆ ಯಾವುದು ಅಂದ್ರೆ, ಬರ್ಗರ್‌ಗೆ ನನ್ನ ಮತ ಬೀಫ್‌ಗೇ, ಅದೂ 80/20. ಬರ್ಗರ್‌ನಲ್ಲಿ ಮಾಂಸದ ರುಚಿ ಬಿಟ್ರೆ ಬಚ್ಚಿಟ್ಕೊಳ್ಳೋಕೆ ಬೇರೆ ಏನೂ ಇಲ್ಲ. ನಾನು ಮೊದಲನೇ ಸಲ 99 ಪರ್ಸೆಂಟ್ ಟರ್ಕಿಲಿ ಬರ್ಗರ್ ಮಾಡಿದಾಗ ಕಚ್ಚಿದ್ರೆ ಪುಡಿ ಪುಡಿ, ನೀರು ಕುಡಿದೇ ಗಂಟಲಲ್ಲಿ ಇಳೀಬೇಕು, ಮಕ್ಕಳು ಬರೀ ಬನ್ ತಿಂದು ಎದ್ದುಹೋದ್ರು, ತುಂಬಾ ಬೇಜಾರಾಯ್ತು. ಆಮೇಲೆ ಕಲಿತಿದ್ದು, ಟರ್ಕಿ ಬರ್ಗರ್ ಬೇಕು ಅಂದ್ರೆ 85/15 ತಗೊಳ್ಳಿ, ಅಥವಾ ಒಂದು ಸ್ಲೈಸ್ ಬ್ರೆಡ್ಡನ್ನ ಹಾಲಲ್ಲಿ ನೆನೆಸಿ ಕಿವುಚಿ ಕೀಮಾಗೆ ಸೇರಿಸಿ. ಆ ಬ್ರೆಡ್ ನೀರನ್ನ ಹಿಡಿದಿಟ್ಕೊಂಡು ಮಾಂಸ ಗಟ್ಟಿಯಾಗೋಕೆ ಬಿಡಲ್ಲ. ಮೀಟ್‌ಬಾಲ್‌ಗೂ ಇದೇ ಉಪಾಯ. ಉಪ್ಪಿನ ವಿಷಯ ಕೂಡ ಇಲ್ಲೇ ಹೇಳ್ಬಿಡ್ತೀನಿ, ಬರ್ಗರ್‌ಗೆ ಉಪ್ಪನ್ನ ಕೀಮಾ ಒಳಗೆ ಕಲಸಬೇಡಿ, ಕಲಸಿದ್ರೆ ಪ್ರೋಟೀನ್ ಒಂದಕ್ಕೊಂದು ಅಂಟ್ಕೊಂಡು ಸಾಸೇಜ್ ತರ ಬಿಗಿಯಾಗುತ್ತೆ. ತಟ್ಟಿದ್ಮೇಲೆ, ಬಾಣಲೆಗೆ ಹಾಕೋ ಮುಂಚೆ ಮೇಲಿಂದ ಉದುರಿಸಿದ್ರೆ ಸಾಕು. ಮೀಟ್‌ಬಾಲ್‌ಗೆ ಆ ಅಂಟು ಬೇಕೇ ಬೇಕು, ಅಲ್ಲಿ ಮೊದ್ಲೇ ಹಾಕಿ.

ಟೊಮ್ಯಾಟೊ ಹಾಕಿ ತುಂಬ ಹೊತ್ತು ಕುದಿಸೋ ಪಾಸ್ತಾ ಸಾಸ್, ಬೀನ್ಸ್ ಜೊತೆ ಬೇಯೋ ಚಿಲ್ಲಿ ಅನ್ನೋ ಖಾರದ ಸ್ಟ್ಯೂ, ಸೂಪ್, ಕ್ಯಾಪ್ಸಿಕಂ ಒಳಗೆ ತುಂಬೋದು, ಖಾರ ಮಸಾಲೆ ಜಾಸ್ತಿ ಇರೋ ಗ್ರೇವಿ, ಇವಕ್ಕೆಲ್ಲ ಟರ್ಕಿ ಧಾರಾಳವಾಗಿ ಹಾಕಿ, ಮಸಾಲೆನ ಅದು ಬೀಫ್‌ಗಿಂತ ಚೆನ್ನಾಗಿ ಎಳ್ಕೊಳ್ಳುತ್ತೆ ಅಂತಾನೇ ನಂಗೆ ಅನ್ಸೋದು. ಒಂದು ಚಮಚ ಸೋಯಾ ಸಾಸ್, ಸ್ವಲ್ಪ ಟೊಮ್ಯಾಟೊ ಪೇಸ್ಟ್ ಹುರಿದು ಸೇರಿಸಿದ್ರೆ ಕಮ್ಮಿ ಇದ್ದ ಆಳ ಬಂದುಬಿಡುತ್ತೆ. ಅಣಬೆ ಸಣ್ಣಗೆ ಹೆಚ್ಚಿ ನೀರು ಆರೋವರೆಗೂ ಹುರಿದು ಕೀಮಾ ಜೊತೆ ಬೆರೆಸಿದ್ರೆ ಇನ್ನೂ ಒಳ್ಳೇದು. ಮನೆಯವರು ಒಪ್ತಾರೋ ಇಲ್ವೋ ಅನ್ನೋ ಅನುಮಾನ ಇದ್ರೆ ಮೊದಲ ಸಲ ಅರ್ಧ ಬೀಫ್ ಅರ್ಧ ಟರ್ಕಿ ಹಾಕಿ ನೋಡಿ, ಬೀಫ್ ಕೊಬ್ಬು ಎರಡಕ್ಕೂ ಆಗುತ್ತೆ, ನನ್ನ ಅಡುಗೆಮನೇಲಿ ಈಗ ಜಾಸ್ತಿ ನಡೆಯೋದು ಇದೇ.

ಅಳತೆ ಬಗ್ಗೆ ಕೇಳಿದ್ರಲ್ಲ, ಹಸಿ ತೂಕ ಅಷ್ಟಕ್ಕಷ್ಟೇ ಹಾಕಿ, ತೊಂದ್ರೆ ಇಲ್ಲ. ಬೀಫ್‌ನಲ್ಲಿ ಕೊಬ್ಬು ಕರಗಿ, ಟರ್ಕಿಲಿ ನೀರು ಆರಿ, ಎರಡೂ ಕಮ್ಮಿ ಜಾಸ್ತಿ ಕಾಲು ಭಾಗ ಇಳಿಯುತ್ತೆ. ಬದಲಾಯಿಸಬೇಕಾಗಿರೋದು ಎಣ್ಣೆ ಮತ್ತು ಬೇಯೋ ಹೊತ್ತು. 80/20 ಬೀಫ್ ಹುರಿದ್ಮೇಲೆ ಬಾಣಲೆ ಓರೆ ಮಾಡಿ ಜಿಡ್ಡು ತೆಗೀರಿ, ಆದ್ರೆ ಸಿಂಕ್‌ಗೆ ಸುರಿಬೇಡಿ, ಪೈಪ್‌ನಲ್ಲಿ ಹೆಪ್ಪುಗಟ್ಟುತ್ತೆ, ಒಂದು ಡಬ್ಬಕ್ಕೆ ಹಾಕಿ ಆರಿದ್ಮೇಲೆ ಎಸೀರಿ.

ಬೇಯೋ ವಿಷಯ ಮಾತ್ರ ದಯವಿಟ್ಟು ಹಗುರವಾಗಿ ತಗೋಬೇಡಿ. ಬೀಫ್‌ನ ದೊಡ್ಡ ತುಂಡಾದ್ರೆ ಬ್ಯಾಕ್ಟೀರಿಯಾ ಹೆಚ್ಚಾಗಿ ಹೊರಗಡೆ ಇರುತ್ತೆ, ಮೇಲೆ ಸುಟ್ರೆ ಹೋಗುತ್ತೆ. ಅರೆದಾಗ ಮೇಲಿದ್ದಿದ್ದೆಲ್ಲ ಒಳಗೂ ಸೇರ್ಕೊಳ್ಳುತ್ತೆ, ಅದಕ್ಕೇ ಕೀಮಾನ ಅರೆಬೆಂದ ಹಾಗೆ ತಿನ್ನಬಾರದು. ಬೀಫ್‌ನಲ್ಲಿ ಇ. ಕೋಲಿ ಭಯ, ಟರ್ಕಿಲಿ ಸಾಲ್ಮೊನೆಲ್ಲಾ ಭಯ. ಒಳಗಡೆ ಬಿಸಿ ಬೀಫ್ ಕೀಮಾಗೆ 71 ಡಿಗ್ರಿ ಸೆಲ್ಸಿಯಸ್, ಟರ್ಕಿಗೆ 74 ಮುಟ್ಟಬೇಕು ಅನ್ನೋದು ಅಮೆರಿಕದ ಕೃಷಿ ಇಲಾಖೆಯ ಲೆಕ್ಕ. ಬಣ್ಣ ನೋಡಿ ಹೇಳೋಕಾಗಲ್ಲ, ಬೀಫ್ ಕೆಲವೊಮ್ಮೆ ಆ ಬಿಸಿ ಮುಟ್ಟೋ ಮೊದಲೇ ಕಂದು ಬಣ್ಣ ಬಂದುಬಿಡುತ್ತೆ, ಟರ್ಕಿ ಪೂರ್ತಿ ಬೆಂದಿದ್ರೂ ಒಳಗೆ ಗುಲಾಬಿ ಇರಬಹುದು. ಒಂದು ಸಣ್ಣ ಅಡುಗೆ ಥರ್ಮಾಮೀಟರ್ ಇಟ್ಕೊಳ್ಳಿ, ಬರ್ಗರ್‌ಗೆ ಮೇಲಿಂದ ಚುಚ್ಚಬೇಡಿ, ಪಕ್ಕದಿಂದ ಮಧ್ಯದವರೆಗೂ ತೂರಿಸಿ, ಆಗ್ಲೇ ಸರಿಯಾದ ನಂಬರ್ ಬರೋದು. ಇದ್ರಿಂದ ಇನ್ನೊಂದು ಲಾಭ ಇದೆ, ಬೆಂದಿದೆಯೋ ಇಲ್ವೋ ಅನ್ನೋ ಹೆದರಿಕೆಗೆ ಟರ್ಕಿನ ಹತ್ತು ನಿಮಿಷ ಜಾಸ್ತಿ ಒಲೆ ಮೇಲೆ ಬಿಟ್ಟು ಒಣಗಿಸೋದು ತಪ್ಪುತ್ತೆ, 74 ಬಂತು, ಇಳಿಸಿದ್ವಿ, ಅಷ್ಟೇ.

ಇನ್ನು ತಂದ ಕೀಮಾ ಎರಡೂ ಫ್ರಿಜ್‌ನಲ್ಲಿ ಒಂದೆರಡು ದಿನಕ್ಕಿಂತ ಜಾಸ್ತಿ ಇಡಬೇಡಿ, ತೊಳೆಯೋಕೂ ಹೋಗ್ಬೇಡಿ, ಸಿಂಕ್ ತುಂಬ ಬ್ಯಾಕ್ಟೀರಿಯಾ ಸಿಡಿಯುತ್ತೆ ಅಷ್ಟೇ. ಅವತ್ತೇ ಮಾಡಲ್ಲ ಅಂದ್ರೆ ಜಿಪ್ ಕವರ್‌ಗೆ ಹಾಕಿ ಅಂಗೈಲಿ ಒತ್ತಿ ಚಪ್ಪಟೆ ಮಾಡಿ ಫ್ರೀಜರ್‌ಗೆ ಇಡಿ, ಮೂರು ನಾಲ್ಕು ತಿಂಗಳು ರುಚಿ ಕೆಡಲ್ಲ, ಉಂಡೆಗಟ್ಟಿ ಇಟ್ಟಿದ್ದಕ್ಕಿಂತ ಬೇಗ ಕರಗುತ್ತೆ. ಕವರ್ ಮೇಲೆ ತಾರೀಖು, ಟರ್ಕಿನೋ ಬೀಫೋ, ಜೊತೆಗೆ 85ಓ 93ಓ ಅನ್ನೋದನ್ನೂ ಬರೆದಿಡಿ, ಹೆಪ್ಪುಗಟ್ಟಿದ್ಮೇಲೆ 85 ಯಾವುದು 93 ಯಾವುದು ಅಂತ ಬರೀ ಕಣ್ಣಲ್ಲಿ ನೋಡಿ ಗೊತ್ತಾಗಲ್ಲ.