ಮುಂಡಗೋಡದ ಕ್ಯಾಂಪಿನಲ್ಲಿ ಹುಟ್ಟಿದ ತಾರೀಖಿನ ಲೆಕ್ಕ

ಶಿರಸಿಯಿಂದ ಮುಂಡಗೋಡಕ್ಕೆ ಹೋದವರು ಟಿಬೆಟಿಯನ್ ಕ್ಯಾಂಪ್ ನೋಡಿಯೇ ಇರುತ್ತಾರೆ. ಗಾಂದೆನ್, ಡ್ರೆಪುಂಗ್ ಮಠಗಳು, ಒಂದಿಷ್ಟು ಫೋಟೋ, ಒಂದು ಪ್ಲೇಟ್ ಮೊಮೊ, ವಾಪಸ್. ಅಲ್ಲಿನವರ ಕಾಗದಪತ್ರದ ಕತೆ ಮಾತ್ರ ನಮ್ಮ ಜಿಲ್ಲೆಯವರಿಗೇ ಜಾಸ್ತಿ ಗೊತ್ತಿಲ್ಲ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ಹಿಮಾಲಯ ದಾಟಿದರು. ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದ 1966ರಲ್ಲಿ ಮುಂಡಗೋಡದ ಕಾಡಿನಲ್ಲಿ ಕ್ಯಾಂಪ್ ಶುರುವಾಯಿತು. ಅಪ್ಪ-ಅಮ್ಮನ ಬೆನ್ನ ಮೇಲೆ ಗಡಿ ದಾಟಿದ ಕೂಸುಗಳು ಇಲ್ಲೇ ಬೆಳೆದು ಈಗ ಅಜ್ಜ-ಅಜ್ಜಿಯರಾಗಿದ್ದಾರೆ.

1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಇಲ್ಲಿ ಕಾಯ್ದೆಯೂ ಇಲ್ಲ. ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ಇವರು ವಿದೇಶಿಯರು. ಕೈಯಲ್ಲಿರುವುದು ಆರ್‌ಸಿ, ಅಂದರೆ ನೋಂದಣಿ ಪತ್ರ. ಅದನ್ನು ಆಗಾಗ ನವೀಕರಿಸಬೇಕು. ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಹಳದಿ ಪುಸ್ತಕ. ಸರ್ಕಾರಿ ನೌಕರಿ ಇಲ್ಲ. ಹೆಸರಿಗೆ ಜಮೀನು ಮಾಡಿಕೊಳ್ಳುವುದೂ ಸುಲಭವಲ್ಲ. 1980ರ ನಂತರ ಬಂದ ಮಕ್ಕಳ ಪಾಡು ಇನ್ನೂ ಕಷ್ಟ. ಓದಲಿ ಎಂದು ಹೆತ್ತವರು ಒಬ್ಬೊಬ್ಬರನ್ನೇ ಹಿಮದ ದಾರಿಯಲ್ಲಿ ಕಳಿಸಿದ ಮಕ್ಕಳಿವು. ಎಷ್ಟೋ ಜನರಿಗೆ ಆರ್‌ಸಿಯೂ ಸಿಗಲಿಲ್ಲ.

ಇನ್ನು ಇಲ್ಲೇ ಹುಟ್ಟಿದವರು. ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಆಮೇಲೆ ಹುಟ್ಟಿದವರಿಗೆ ಅಪ್ಪ ಅಥವಾ ಅಮ್ಮ ಭಾರತೀಯರಾಗಿರಬೇಕು. 2004ರ ಡಿಸೆಂಬರ್‌ನಿಂದ ನಿಯಮ ಇನ್ನೂ ಬಿಗಿ. ಒಂದೇ ಮನೆಯ ಮೂವರನ್ನು ಊಹಿಸಿಕೊಳ್ಳಿ. ಲಾಸಾದಲ್ಲಿ ಹುಟ್ಟಿದ ಅಪ್ಪ ವಿದೇಶಿ. ಕ್ಯಾಂಪಿನಲ್ಲಿ 1986ರಲ್ಲಿ ಹುಟ್ಟಿದ ಅಕ್ಕ ಭಾರತೀಯಳು. ಅಮ್ಮನೂ ಟಿಬೆಟಿನವಳೇ ಆಗಿದ್ದರೆ, 1988ರಲ್ಲಿ ಹುಟ್ಟಿದ ತಮ್ಮ ಮತ್ತೆ ವಿದೇಶಿ. ತಮ್ಮ ಮಾಡಿದ ತಪ್ಪಾದರೂ ಏನು? ಎರಡು ವರ್ಷ ತಡವಾಗಿ ಹುಟ್ಟಿದ, ಅಷ್ಟೇ ಅಲ್ವಾ?

ಅಕ್ಕನ ಹಕ್ಕೂ ಸುಮ್ನೆ ಸಿಗಲಿಲ್ಲ. ಕಾಯ್ದೆಯಲ್ಲಿ ಇದ್ದುದನ್ನೇ ಕೋರ್ಟಿಗೆ ಹೋಗಿ ಕೇಳಬೇಕಾಯಿತು. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಇಂಥವರು ಭಾರತೀಯರೇ ಎಂದವು. 2014ರಲ್ಲಿ ಚುನಾವಣಾ ಆಯೋಗ ಇವರನ್ನು ಮತದಾರರ ಪಟ್ಟಿಗೆ ಸೇರಿಸಲು ಹೇಳಿತು. 2017ರಲ್ಲಿ ಪಾಸ್‌ಪೋರ್ಟ್ ಬಾಗಿಲು ತೆರೆಯಿತು. ಜೊತೆಗೆ ಷರತ್ತೂ ಬಂತು: ಆರ್‌ಸಿ ಬಿಡಬೇಕು, ಕ್ಯಾಂಪಿನ ವಾಸವನ್ನೂ ಬಿಡಬೇಕು.

ಹುಟ್ಟಿ ಬೆಳೆದ ಕ್ಯಾಂಪನ್ನೇ ಬಿಡಿ ಎಂದರೆ ಯಾರಾದರೂ ಹಿಂದೆಮುಂದೆ ನೋಡುತ್ತಾರೆ. ಭಾರತೀಯರಾಗಿಬಿಟ್ಟರೆ ಟಿಬೆಟ್ ನಮ್ಮದು ಎಂಬ ಮಾತಿಗೆ ಬಲ ಹೋಗುತ್ತದೆ ಎನ್ನುವವರೂ ಇದ್ದಾರೆ. ಈ ಯೋಚನೆಯೆಲ್ಲ ಅಕ್ಕನ ಪಾಲಿಗೆ. ಬೆನ್ನ ಮೇಲೆ ಬಂದ ಅಪ್ಪ ಮುಂದಿನ ಸಲವೂ ಆರ್‌ಸಿ ನವೀಕರಿಸಿಕೊಳ್ಳಬೇಕು.